ಎರಡು ಕಡೆ ಒಂದೇ ಸಾಲು: ಡೆಬಿಯನ್ ಓಪನ್‌ಎಸ್‌ಎಸ್‌ಎಲ್ ಪ್ರಕರಣ

2008ರ ಮೇ 13ರಂದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಭದ್ರತಾ ತಂಡ ಒಂದು ಪ್ರಕಟಣೆ ಹೊರಡಿಸಿತು. 2006ರ ಸೆಪ್ಟೆಂಬರ್ 17ರಿಂದ ಈಚೆಗೆ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ ಬಳಸಿ ಮಾಡಿದ ಕೀಗಳನ್ನೆಲ್ಲ, ಅಂದರೆ ಗೂಢಲಿಪಿಯ ಗುಟ್ಟಿನ ಸಂಖ್ಯೆಗಳನ್ನೆಲ್ಲ, ಎಸೆದು ಹೊಸದಾಗಿ ಮಾಡಿಕೊಳ್ಳಿ ಅನ್ನುವುದು ಅದರ ಸಾರ. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಕೀ, ವೆಬ್‌ಸೈಟ್ ಸರ್ಟಿಫಿಕೇಟ್‌ನ ಕೀ, ವಿಪಿಎನ್ ಕೀ, ಎಲ್ಲವೂ. ಡೆಬಿಯನ್‌ನಿಂದಲೇ ಹುಟ್ಟಿದ ಉಬುಂಟುವಿನ 7.04, 7.10, 8.04 ಆವೃತ್ತಿಗಳಿಗೂ ಇದೇ ಗತಿ. ದೋಷವನ್ನು ಕಂಡುಹಿಡಿದವರು ಡೆಬಿಯನ್ ಡೆವಲಪರ್ ಲುಸಿಯಾನೋ ಬೆಲ್ಲೋ. ಭದ್ರತಾ ದೋಷಗಳ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2008-0166 ಅಂತ ನಂಬರ್ ಕೊಟ್ಟರು.

ಕಾರಣ ನೋಡಿದರೆ, ಸಿ ಭಾಷೆಯ ಎರಡು ಸಾಲು. ಆ ಸಾಲುಗಳನ್ನು ಯಾರೂ ತಪ್ಪಾಗಿ ಬರೆದಿರಲಿಲ್ಲ. ವರ್ಷಗಟ್ಟಲೆ ಸರಿಯಾಗಿಯೇ ಓಡುತ್ತಿದ್ದವು. ಅವನ್ನು ಕಾಮೆಂಟ್ ಮಾಡಿ, ಅಂದರೆ ಓಡದ ಬರೀ ಟಿಪ್ಪಣಿಯಾಗಿ ಮಾಡಿ, ಕೂರಿಸಿದ್ದೇ ಎಡವಟ್ಟಾಯಿತು.

ಬೇರೆಯವರು ಬರೆದ ಕೋಡ್ ನೋಡಿಕೊಳ್ಳುವುದೇ ನಮ್ಮಲ್ಲಿ ಬಹಳ ಜನರ ಕೆಲಸ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಹೊಸದಾಗಿ ಬರೆಯುವುದಕ್ಕಿಂತ ಇದ್ದದ್ದನ್ನು ಓದಿ, ತಿದ್ದಿ, ಓಡಿಸಿಕೊಂಡು ಹೋಗುವ ಕೆಲಸವೇ ಜಾಸ್ತಿ. ಹೋಗುವವರು ಬರುವವರಿಗೆ ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್), ಅಂದರೆ ಕೋಡ್‌ನ ಪರಿಚಯ, ಕೊಡುತ್ತಾರೆ. ಅದು ಮುಗಿದ ಮೇಲೆ ನೀವುಂಟು, ನಿಮ್ಮ ಕೋಡ್ ಉಂಟು. ಇಂಥ ಕೆಲಸಕ್ಕೆ ಬಂದ ಹೊಸಬರಿಗೆ ಹೇಳಿಕೊಡುವಾಗ ನಾನು ಡೆಬಿಯನ್‌ನ ಈ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. ಇಲ್ಲಿ ಎಲ್ಲವೂ ಬಯಲಲ್ಲಿದೆ: ಕೋಡ್, ದೂರು, ಕೇಳಿದ ಪ್ರಶ್ನೆ, ಬಂದ ಉತ್ತರ. ಇದರಲ್ಲಿ ಇದ್ದವರು ಯಾರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಅನುಮಾನ ಬಂದಾಗ ಕೇಳಿಯೂ ಕೇಳಿದ್ದರು. ಆದರೂ ಹೀಗಾಯಿತು ಅಂದರೆ, ಕೋಡ್ ಓದುವ ರೀತಿಯಲ್ಲೇ ಏನೋ ತಪ್ಪಿದೆ ಅಂತ ತಾನೆ?

ದೂರು ಬಂದದ್ದು ಹೀಗೆ

ಓಪನ್‌ಎಸ್‌ಎಸ್‌ಎಲ್ ಅಂದರೆ ಗೂಢಲಿಪಿ ಕೆಲಸಗಳ ಲೈಬ್ರರಿ, ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್. ಬ್ರೌಸರ್‌ನಲ್ಲಿ ಬೀಗದ ಗುರುತು ಕಾಣಬೇಕಾದರೆ ಸರ್ವರ್ ಕಡೆ ಬಹಳ ಸಲ ಇದೇ ಕೆಲಸ ಮಾಡುತ್ತಿರುತ್ತದೆ. ಇದರ ಮೂಲ 1990ರ ದಶಕದ ಎಸ್‌ಎಸ್‌ಎಲ್‌ಇಎವೈ ಎಂಬ ಲೈಬ್ರರಿ. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಅದನ್ನು ಬರೆದವರು. 1998ರ ಕೊನೆಯಲ್ಲಿ ಅದನ್ನು ಬೇರೆಯವರು ಮುಂದುವರಿಸಿದರು, ಹೆಸರು ಓಪನ್‌ಎಸ್‌ಎಸ್‌ಎಲ್ ಆಯಿತು. 2006ರಲ್ಲಿ ಕೋಡ್ ತೆರೆದರೂ ಫಂಕ್ಷನ್‌ಗಳ ಹೆಸರಲ್ಲಿ ಎಸ್‌ಎಸ್‌ಎಲ್‌ಇಎವೈ ಅಂತ ಹಾಗೇ ಇತ್ತು. ಅಂದರೆ ಬರೆದವರು ಬಿಟ್ಟು ಹೋಗಿ ವರ್ಷಗಳಾಗಿದ್ದ ಕೋಡ್ ಇದು. ಡೆಬಿಯನ್‌ನಲ್ಲಿ ಇದರ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಸ್ವಯಂಸೇವಕರು. ಲೈಬ್ರರಿಯ ಒಳಗನ್ನು ಬರೆದವರು ಅವರಲ್ಲ.

2006ರ ಏಪ್ರಿಲ್‌ನಲ್ಲಿ ಡೆಬಿಯನ್‌ಗೆ ಒಂದು ದೂರು ಬಂತು. ವಾಲ್‌ಗ್ರಿಂಡ್ ಎಂಬ ಸಾಧನ ಗೊತ್ತಿರಬಹುದು. ಪ್ರೋಗ್ರಾಂ ಓಡುವಾಗ ಮೆಮೊರಿಯಲ್ಲಿ ಆಗುವ ತಪ್ಪುಗಳನ್ನು ಅದು ಹಿಡಿಯುತ್ತದೆ. ಯಾವ ಬೆಲೆಯನ್ನೂ ತುಂಬದ ಮೆಮೊರಿಯನ್ನು ಪ್ರೋಗ್ರಾಂ ಬಳಸಿದರೆ ಎಚ್ಚರಿಸುತ್ತದೆ. ಓಪನ್‌ಎಸ್‌ಎಸ್‌ಎಲ್ ಬಳಸುವ ಯಾವ ಪ್ರೋಗ್ರಾಂ ಅನ್ನು ವಾಲ್‌ಗ್ರಿಂಡ್ ಕೆಳಗೆ ಓಡಿಸಿದರೂ ಇಂಥ ಎಚ್ಚರಿಕೆಗಳು ರಾಶಿ ರಾಶಿ ಬೀಳುತ್ತಿದ್ದವು. ತಮ್ಮದೇ ಪ್ರೋಗ್ರಾಂನ ನಿಜವಾದ ಬಗ್ ಹುಡುಕುವವರಿಗೆ ಇದು ದೊಡ್ಡ ತಲೆನೋವು.

ಇಲ್ಲಿ ಒಂದು ಸೂಕ್ಷ್ಮ ಇದೆ. ತುಂಬದ ಮೆಮೊರಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದರೆ ವಾಲ್‌ಗ್ರಿಂಡ್ ಸುಮ್ಮನಿರುತ್ತದೆ. ಆ ಬೆಲೆಯ ಮೇಲೆ ಪ್ರೋಗ್ರಾಂ ಒಂದು ತೀರ್ಮಾನ ತೆಗೆದುಕೊಂಡಾಗ, ಅಂದರೆ ಒಂದು ಇಫ್ ಅದರ ಮೇಲೆ ನಿಂತಾಗ, ಆಗ ಕೂಗುತ್ತದೆ. ರ್‍ಯಾಂಡಮ್ ಸಂಖ್ಯೆ ಹುಟ್ಟಿಸುವ ಭಾಗಕ್ಕೆ ಒಂದು ತುಂಬದ ಬೈಟ್ ಸೇರಿತು ಅಂದುಕೊಳ್ಳಿ. ಅಲ್ಲಿ ಎಲ್ಲವನ್ನೂ ಎಲ್ಲದರ ಜೊತೆ ಕಲಸುತ್ತಾರೆ. ಹಾಗಾಗಿ ಆ ಬೈಟ್‌ನ ಕಲೆ ಹೊರಬರುವ ಪ್ರತಿ ಸಂಖ್ಯೆಗೂ ಅಂಟುತ್ತದೆ. ಅಲ್ಲಿಂದ ಕೀಗೆ, ಕೀಯಿಂದ ಇಡೀ ಸಂಪರ್ಕಕ್ಕೆ. ಎಚ್ಚರಿಕೆ ಬೀಳುವ ಜಾಗ ಒಂದು, ಕಾರಣ ಇರುವ ಜಾಗ ಇನ್ನೊಂದು. ನಡುವೆ ನೂರಾರು ಫಂಕ್ಷನ್.

ಪ್ಯಾಕೇಜ್ ನೋಡಿಕೊಳ್ಳುವವರು ತಾಳ್ಮೆಯಿಂದ ಹಿಂದಕ್ಕೆ ಹೋಗಿ ಮೂಲ ಹಿಡಿದರು. ಸುಲಭದ ಕೆಲಸ ಅಲ್ಲ ಅದು. ರ್‍ಯಾಂಡಮ್ ಸಂಖ್ಯೆಯ ಫೈಲಿನಲ್ಲಿ ಎರಡು ಜಾಗ ಸಿಕ್ಕವು, 247ನೇ ಸಾಲು ಮತ್ತು 467ನೇ ಸಾಲು. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಬರಹ: ಎಂಡಿ ಅಪ್‌ಡೇಟ್ ಎಂಬ ಫಂಕ್ಷನ್‌ಗೆ ಬಫ್ ಎಂಬ ಬಫರ್‌ನಿಂದ (ಮೆಮೊರಿಯ ಒಂದು ತುಂಡು) ಜೆ ಬೈಟ್ ಕೊಡು. ಅಂದರೆ ಬಫರ್‌ನಲ್ಲಿರುವುದನ್ನು ತೆಗೆದುಕೊಂಡು ಹ್ಯಾಶ್‌ಗೆ, ಅಂದರೆ ಎಲ್ಲವನ್ನೂ ಅರೆದು ಒಂದು ಸಂಖ್ಯೆ ಮಾಡುವ ಲೆಕ್ಕಕ್ಕೆ, ಸೇರಿಸು.

ಒಂದೇ ಬರಹ, ಎರಡು ಕೆಲಸ

ಈಗ ಆ ಎರಡು ಫಂಕ್ಷನ್‌ಗಳ ಒಳಗೆ ಹೋಗೋಣ. ಪ್ರಕರಣದ ಜೀವ ಇರುವುದೇ ಇಲ್ಲಿ.

ರ್‍ಯಾಂಡಮ್ ಸಂಖ್ಯೆ ಹುಟ್ಟಿಸಲು ಓಪನ್‌ಎಸ್‌ಎಸ್‌ಎಲ್ ಒಳಗೆ ಒಂದು ಪೂಲ್ ಇತ್ತು, 1023 ಬೈಟ್‌ನದು. ಹೊರಗಿನಿಂದ ಯಾರೂ ಊಹಿಸಲಾಗದ ಬೈಟ್‌ಗಳನ್ನು ತಂದು ಅದಕ್ಕೆ ಕಲಸಬೇಕು. ಆಮೇಲೆ ಬೇಕಾದಾಗ ಅದರಿಂದ ರ್‍ಯಾಂಡಮ್ ಬೈಟ್‌ಗಳನ್ನು ತೆಗೆಯಬೇಕು. ಸೇರಿಸುವುದಕ್ಕೆ ಒಂದು ಫಂಕ್ಷನ್, ಅದರ ಹೆಸರಲ್ಲಿ ಆಡ್ ಅಂತ ಇದೆ. ತೆಗೆಯುವುದಕ್ಕೆ ಇನ್ನೊಂದು, ಅದರ ಹೆಸರಲ್ಲಿ ಬೈಟ್ಸ್ ಅಂತ ಇದೆ.

ನಮ್ಮ ಊರಿನ ಕೆರೆ ನೆನೆಸಿಕೊಳ್ಳಿ. ಮಳೆ ನೀರು ಕೆರೆಗೆ ಬರುವ ಕಾಲುವೆ ಒಂದು ಕಡೆ, ಗದ್ದೆಗೆ ನೀರು ಬಿಡುವ ತೂಬು ಇನ್ನೊಂದು ಕಡೆ. ಎರಡೂ ನೀರು ಹರಿಯುವ ದಾರಿಯೇ. ಆದರೆ ಕಾಲುವೆ ಮುಚ್ಚಿದರೆ ಕೆರೆಯ ಗತಿ ಏನು?

247ನೇ ಸಾಲು ಇದ್ದದ್ದು ಆಡ್ ಫಂಕ್ಷನ್ ಒಳಗೆ. ಅಲ್ಲಿ ಬಫ್ ಅಂದರೆ ಕರೆದವರು ತಂದುಕೊಟ್ಟ ಬೈಟ್‌ಗಳು. ಲಿನಕ್ಸ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ರ್‍ಯಾಂಡಮ್ ಬೈಟ್ ಕೊಡುವ ಡೆವ್ ಯುರ್‍ಯಾಂಡಮ್‌ನಿಂದ ಓದಿದ ಬೈಟ್‌ಗಳು ಬರುವುದು ಈ ದಾರಿಯಲ್ಲೇ. ಪ್ರೋಗ್ರಾಂ ತಾನೇ ಏನಾದರೂ ಸೇರಿಸಿದರೂ ಇದೇ ದಾರಿ. ಇಡೀ ಫಂಕ್ಷನ್ ಇರುವುದೇ ಆ ಒಂದು ಸಾಲಿಗಾಗಿ. ಉಳಿದ ಸಾಲುಗಳೆಲ್ಲ ಅದರ ಸುತ್ತಲಿನ ವ್ಯವಸ್ಥೆ.

467ನೇ ಸಾಲು ಇದ್ದದ್ದು ಬೈಟ್ಸ್ ಫಂಕ್ಷನ್ ಒಳಗೆ. ಅಲ್ಲಿ ಬಫ್ ಅಂದರೆ ಕರೆದವರು ತಂದ ಖಾಲಿ ಪಾತ್ರೆ, ರ್‍ಯಾಂಡಮ್ ಬೈಟ್ ತುಂಬಿಸಿಕೊಳ್ಳಲು ತಂದದ್ದು. ಅದರಲ್ಲಿ ಹಳೆಯ ಏನೋ ಕಸ ಇದ್ದರೆ ಇರಲಿ, ಅದನ್ನೂ ಒಂದಿಷ್ಟು ಕಲಸಿಬಿಡೋಣ ಅಂತ ಮೊದಲು ಬರೆದವರು ಅಂದುಕೊಂಡಿದ್ದರು. ಇದ್ದರೆ ಒಂಚೂರು ಲಾಭ, ಇಲ್ಲದಿದ್ದರೆ ನಷ್ಟ ಏನೂ ಇಲ್ಲ.

ಒಂದು ಸಾಲು ತೆಗೆದರೆ ಏನೂ ಆಗದು, ಇನ್ನೊಂದು ತೆಗೆದರೆ ಎಲ್ಲ ಹೋಯಿತು. ಬರಹ ನೋಡಿದರೆ ವ್ಯತ್ಯಾಸವೇ ಇಲ್ಲ. ಹುಡುಕು ಪೆಟ್ಟಿಗೆಯಲ್ಲಿ ಆ ಸಾಲನ್ನು ಹಾಕಿದರೆ ಎರಡೂ ಒಟ್ಟಿಗೇ ಬರುತ್ತವೆ, ಅವಳಿ ಮಕ್ಕಳಂತೆ.

ಆದರೆ ಸುಳಿವು ಇರಲಿಲ್ಲ ಅನ್ನಬೇಡಿ. ಇದ್ದವು. ನಾನು ಹೊಸಬರಿಗೆ ಈ ಎರಡು ಫಂಕ್ಷನ್ ಕೊಟ್ಟು, ವಿಷಯ ಹೇಳದೆ, ಯಾವ ಬಫ್ ಒಳಗೆ ಬರುತ್ತಿದೆ ಯಾವುದು ಹೊರಗೆ ಹೋಗುತ್ತಿದೆ ಹೇಳಿ ಅಂತ ಕೇಳುತ್ತೇನೆ. ಫಂಕ್ಷನ್‌ನ ಮೊದಲ ಸಾಲಿಗೆ ಕಣ್ಣು ಹಾಯಿಸಿದವರು ಬೇಗ ಹೇಳುತ್ತಾರೆ. ಆಡ್ ಫಂಕ್ಷನ್‌ನಲ್ಲಿ ಬಫ್ ಮುಂದೆ ಕಾನ್‌ಸ್ಟ್ ಅಂತ ಇದೆ. ಇದನ್ನು ನಾನು ಓದುತ್ತೇನೆ, ಬದಲಿಸುವುದಿಲ್ಲ ಅಂತ ಫಂಕ್ಷನ್ ಕೊಡುವ ಮಾತು ಅದು. ಬೈಟ್ಸ್ ಫಂಕ್ಷನ್‌ನಲ್ಲಿ ಕಾನ್‌ಸ್ಟ್ ಇಲ್ಲ, ಯಾಕೆಂದರೆ ಅದಕ್ಕೆ ಬಫ್ ಒಳಗೆ ಬರೆಯಬೇಕು. ಡೇಟಾ ಯಾವ ದಿಕ್ಕಿಗೆ ಹರಿಯುತ್ತಿದೆ ಅನ್ನುವುದು ಆ ಒಂದೇ ಪದದಲ್ಲಿದೆ. 247ನೇ ಸಾಲಿನ ಸುತ್ತ ನಾಲ್ಕು ಸಾಲು ನೋಡಿದವರಿಗೆ ಅದು ಕಾಣಿಸುವುದಿಲ್ಲ. ಮೇಲೆ ಹೋಗಿ ಫಂಕ್ಷನ್ ಎಲ್ಲಿ ಶುರುವಾಗಿದೆ ನೋಡಬೇಕು.

ಎರಡನೇ ಸುಳಿವು ಇನ್ನೂ ಚೆನ್ನಾಗಿದೆ. 467ನೇ ಸಾಲಿನ ಸುತ್ತ ಒಂದು ಷರತ್ತು ಹಾಕಿದ್ದರು: ಪ್ಯೂರಿಫೈ ಎಂಬ ಹೆಸರು ಇಲ್ಲದಿದ್ದರೆ ಮಾತ್ರ ಈ ಸಾಲು ಕಂಪೈಲ್ ಆಗಲಿ ಅಂತ. ಪ್ಯೂರಿಫೈ ಅಂದರೆ ವಾಲ್‌ಗ್ರಿಂಡ್‌ಗಿಂತ ಮುಂಚಿನ, ಅದೇ ತರಹದ ಸಾಧನ. ಪಕ್ಕದಲ್ಲಿ ಒಂದು ಕಾಮೆಂಟ್ ಕೂಡ ಇತ್ತು, ಪ್ಯೂರಿಫೈ ದೂರುತ್ತದೆ ಅಂತ. ಅಂದರೆ ಇದೇ ತಲೆನೋವು ಹಿಂದೆಯೂ ಬಂದಿತ್ತು. ಅವತ್ತಿನವರು ಪರಿಹಾರವನ್ನೂ ಮಾಡಿಟ್ಟಿದ್ದರು. ಆ ಪರಿಹಾರವನ್ನು ಅವರು ಒಂದೇ ಕಡೆ ಮಾಡಿದರು, 247ನೇ ಸಾಲಿಗೆ ಮಾಡಲಿಲ್ಲ. ಏಕೆ?

ಹಳೆ ಕೋಡ್ ಓದುವಾಗ ಇಂಥ ಪ್ರಶ್ನೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಇರುವುದನ್ನು ಎಲ್ಲರೂ ಓದುತ್ತಾರೆ. ಇರಬೇಕಾಗಿದ್ದ ಜಾಗದಲ್ಲಿ ಇಲ್ಲದ್ದನ್ನು ಓದುವುದು ಕಷ್ಟ. ಅವಳಿ ಸಾಲುಗಳಲ್ಲಿ ಒಂದಕ್ಕೆ ಕಾವಲು ಇದೆ, ಇನ್ನೊಂದಕ್ಕಿಲ್ಲ ಅಂದರೆ, ಬರೆದವರು ಮರೆತಿರಬಹುದು, ಅಥವಾ ಬೇಕಂತಲೇ ಬಿಟ್ಟಿರಬಹುದು. ಯಾವುದು ಅಂತ ಗೊತ್ತಾಗುವವರೆಗೆ ಕೈ ಹಾಕಬಾರದು. ಇಲ್ಲಿ ಪ್ಯೂರಿಫೈ ಆಯ್ಕೆ ಹಾಕಿ ಕಂಪೈಲ್ ಮಾಡಿದ್ದರೆ ಕೆಡುಕಿಲ್ಲದ ಸಾಲು ಮಾತ್ರ ಹೋಗುತ್ತಿತ್ತು, ಜೀವದ ಸಾಲು ಉಳಿಯುತ್ತಿತ್ತು.

ಆ ಕಾಮೆಂಟ್ ಬಗ್ಗೆ ಒಂದು ಮಾತು. ಯಾರು ದೂರುತ್ತಾರೆ ಅಂತ ಅದು ಹೇಳಿತು. ಸಾಲು ಏನು ಮಾಡುತ್ತದೆ, ತೆಗೆದರೆ ಏನಾಗುತ್ತದೆ, ಇದನ್ನು ಹೇಳಲಿಲ್ಲ. ಬರೆಯುವಾಗ ಬರೆದವರಿಗೆ ಅದು ಗೊತ್ತೇ ಇರುತ್ತದೆ, ಹಾಗಾಗಿ ಬಿಟ್ಟುಬಿಡುತ್ತಾರೆ.

ಕೇಳಿದ ಪ್ರಶ್ನೆ

2006ರ ಮೇ ತಿಂಗಳ ಶುರುವಿನಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರು ಓಪನ್‌ಎಸ್‌ಎಸ್‌ಎಲ್ ಡೆವಲಪರ್‌ಗಳಿಗೆ ಬರೆದು ಕೇಳಿದರು. ಎರಡೂ ಸಾಲುಗಳನ್ನು ಎತ್ತಿ ತೋರಿಸಿದರು. ಇವೆರಡನ್ನೂ ಕಾಮೆಂಟ್ ಮಾಡುವುದೇ ವಾಸಿ ಅನ್ನಿಸುತ್ತದೆ, ಆದರೆ ಇದರಿಂದ ರ್‍ಯಾಂಡಮ್ ಸಂಖ್ಯೆಗಳ ಮೇಲೆ ನಿಜವಾಗಿ ಏನು ಪರಿಣಾಮ ಆಗುತ್ತದೆ ನನಗೆ ಗೊತ್ತಿಲ್ಲ ಅಂತ ನೇರವಾಗಿಯೇ ಹೇಳಿದರು. ಪೂಲ್‌ಗೆ ಎಂಟ್ರೊಪಿ, ಅಂದರೆ ಊಹಿಸಲಾಗದ ಅಂಶ, ಸ್ವಲ್ಪ ಕಡಿಮೆ ಸೇರಬಹುದು ಅನ್ನುವುದು ಅವರಿಗೆ ಕಂಡ ಏಕೈಕ ಪರಿಣಾಮ. ಓಪನ್‌ಎಸ್‌ಎಸ್‌ಎಲ್ ಕಡೆಯಿಂದ ಒಬ್ಬರು ಉತ್ತರ ಕೊಟ್ಟರು: ಡೀಬಗ್ ಮಾಡಲು ಸಹಾಯ ಆಗುವುದಾದರೆ ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇದೆ.

2008ರಲ್ಲಿ ವಿಷಯ ಹೊರಬಿದ್ದಾಗ ದೊಡ್ಡ ಜಗಳವೇ ಆಯಿತು. ಡೆಬಿಯನ್‌ನವರು ನಮ್ಮನ್ನು ಸರಿಯಾಗಿ ಕೇಳಲಿಲ್ಲ, ಪ್ಯಾಚ್ (ತಿದ್ದಿದ ಸಾಲುಗಳು) ಕಳಿಸಲಿಲ್ಲ ಅಂತ ಒಂದು ಕಡೆ. ಕೇಳಿದೆವು, ನಿಮ್ಮವರೇ ಹೂಂ ಅಂದರು ಅಂತ ಇನ್ನೊಂದು ಕಡೆ. ತಪ್ಪು ಯಾರ ತಲೆಗೆ ಕಟ್ಟಬೇಕು ಅನ್ನುವುದು ನನಗೆ ಮುಖ್ಯ ಅಲ್ಲ. ಆ ಪ್ರಶ್ನೆ ಯಾವ ರೂಪದಲ್ಲಿತ್ತು ಅನ್ನುವುದು ಮುಖ್ಯ.

ಅದರಲ್ಲಿ ಎರಡು ಸಾಲು ಇದ್ದವು, ಅವುಗಳ ಫಂಕ್ಷನ್ ಇರಲಿಲ್ಲ. ಉತ್ತರ ಕೊಟ್ಟವರ ಕಣ್ಣಿಗೂ ಬಿದ್ದದ್ದು ಅದೇ ತುಂಡು. ಒಂದರ ಪಕ್ಕ ಪ್ಯೂರಿಫೈ ಅಂತ ಬೇರೆ ಬರೆದಿತ್ತು. ಓದಿದವರಿಗೆ ಎರಡೂ ಅದೇ ಹಳೆ ಕಥೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ಇಬ್ಬರು ನೋಡಿದರು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಇಬ್ಬರೂ ನೋಡಿದ್ದು ಒಬ್ಬರು ಕತ್ತರಿಸಿ ಇಟ್ಟ ಭಾಗವನ್ನೇ. ಕೋಡ್ ರಿವ್ಯೂ ಮಾಡುವ ನಮಗೆಲ್ಲ ಇದು ದಿನಾ ಆಗುವಂಥದ್ದು ಅಲ್ವಾ? ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲು ತೋರಿಸುತ್ತಾರೆ, ನಾವು ಒಪ್ಪಿಗೆ ಒತ್ತುತ್ತೇವೆ.

ಇನ್ನೊಂದು, ಪ್ರಶ್ನೆ ಇದ್ದದ್ದು ತೆಗೆಯಬಹುದಾ ಅಂತ. ಈ ಬಫರ್‌ನಲ್ಲಿ ಯಾರು ಏನು ತರುತ್ತಾರೆ ಅಂತ ಕೇಳಿದ್ದರೆ ಉತ್ತರ ಕೊಡುವವರು ಕೋಡ್ ತೆರೆದು ನೋಡಲೇಬೇಕಿತ್ತು. ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆಗೆ ಜನ ನೆನಪಿನಿಂದ ಉತ್ತರಿಸುತ್ತಾರೆ.

ತೆಗೆದ ಮೇಲೆ ಉಳಿದದ್ದು

ಸಾಲು ಹೋದ ಮೇಲೆ ಆಡ್ ಫಂಕ್ಷನ್ ಒಳಗೆ ಏನು ನಡೆಯುತ್ತಿತ್ತು ಅಂತ ನೋಡಿದರೆ ಮೈ ಜುಂ ಅನ್ನುತ್ತದೆ. ಅದು ನಿಂತಿರಲಿಲ್ಲ. ಮೊದಲಿನಂತೆಯೇ ಲೂಪ್ ತಿರುಗುತ್ತಿತ್ತು. ಪೂಲ್‌ನಲ್ಲಿದ್ದ ಹಳೆ ಬೈಟ್‌ಗಳನ್ನು ಹ್ಯಾಶ್ ಮಾಡುತ್ತಿತ್ತು, ಲೆಕ್ಕದ ಕೌಂಟರ್ ಸೇರಿಸುತ್ತಿತ್ತು, ಬಂದದ್ದನ್ನು ಪೂಲ್‌ಗೆ ವಾಪಸ್ ಕಲಸುತ್ತಿತ್ತು. ಬಫ್ ಎಂಬ ಪಾಯಿಂಟರ್ (ಮೆಮೊರಿಯ ಜಾಗ ತೋರಿಸುವ ಬೆರಳು) ಕೂಡ ಪ್ರತಿ ಸುತ್ತಿಗೂ ಮುಂದಕ್ಕೆ ಸರಿಯುತ್ತಿತ್ತು, ಆದರೆ ಅದರೊಳಗಿನ ಒಂದು ಬೈಟನ್ನೂ ಯಾರೂ ಓದುತ್ತಿರಲಿಲ್ಲ. ಪಾಯಿಂಟರ್ ಬಳಕೆಯಲ್ಲೇ ಇದೆಯಲ್ಲ, ಹಾಗಾಗಿ ಕಂಪೈಲರ್ ಕೂಡ ಚಕಾರ ಎತ್ತಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆಡ್ ಫಂಕ್ಷನ್ ಕರೆಯುವವರು, ನಾನು ತಂದ ಬೈಟ್‌ಗಳಲ್ಲಿ ಇಷ್ಟು ಎಂಟ್ರೊಪಿ ಇದೆ ಅಂತ ಒಂದು ಅಂದಾಜನ್ನೂ ಕೊಡುತ್ತಾರೆ. ಫಂಕ್ಷನ್‌ನ ಕೊನೆಯಲ್ಲಿ ಆ ಅಂದಾಜನ್ನು ಒಟ್ಟು ಲೆಕ್ಕಕ್ಕೆ ಕೂಡಿಸುತ್ತಾರೆ. ಆ ಸಾಲು ಹಾಗೇ ಇತ್ತು. ಬೈಟ್‌ಗಳನ್ನು ಎಸೆದು ಲೆಕ್ಕ ಮಾತ್ರ ಬರೆದುಕೊಳ್ಳುತ್ತಿತ್ತು. ಸಾಕಷ್ಟು ಎಂಟ್ರೊಪಿ ಇದೆಯಾ ಅಂತ ಲೈಬ್ರರಿಯನ್ನೇ ಕೇಳಿದರೆ, ಇದೆ ಅಂತ ಉತ್ತರ ಬರುತ್ತಿತ್ತು.

ಹಾಗಾದರೆ ಹೊರಗಿನಿಂದ ಬಂದು ಸೇರುವುದು ಏನಾದರೂ ಉಳಿಯಿತಾ? ಉಳಿಯಿತು, ಒಂದೇ ಒಂದು. ಬೈಟ್ಸ್ ಫಂಕ್ಷನ್ ಒಳಗೆ ಪ್ರೋಸೆಸ್ ಐಡಿಯನ್ನೂ, ಅಂದರೆ ಓಡುವ ಪ್ರತಿ ಪ್ರೋಗ್ರಾಂಗೆ ಸಿಸ್ಟಮ್ ಕೊಡುವ ನಂಬರನ್ನೂ, ಹ್ಯಾಶ್‌ಗೆ ಸೇರಿಸುತ್ತಿದ್ದರು. ಒಂದು ಪ್ರೋಗ್ರಾಂ ತನ್ನ ನಕಲನ್ನು ಹುಟ್ಟಿಸಿದಾಗ ಇಬ್ಬರಿಗೂ ಒಂದೇ ಪೂಲ್ ಇರುತ್ತದೆ. ಇಬ್ಬರಿಂದಲೂ ಒಂದೇ ಸಂಖ್ಯೆ ಬರಬಾರದು ಅಂತ ಹಾಕಿದ್ದು ಅದು. ಗುಟ್ಟಿಗಾಗಿ ಇಟ್ಟದ್ದಲ್ಲ, ಬೇರೆ ಬೇರೆ ಅಂತ ಗುರುತಿಸಲು ಇಟ್ಟದ್ದು. ಈಗ ಇಡೀ ಭಾರ ಅದರ ಮೇಲೆ ಬಿತ್ತು. ಲಿನಕ್ಸ್‌ನಲ್ಲಿ ಅವತ್ತಿನ ಸಾಮಾನ್ಯ ವ್ಯವಸ್ಥೆಯಲ್ಲಿ ಪ್ರೋಸೆಸ್ ಐಡಿ 32,767ರವರೆಗೆ ಮಾತ್ರ ಹೋಗುತ್ತದೆ. ಹಾಗಾಗಿ ಒಂದು ಬಗೆಯ ಕಂಪ್ಯೂಟರ್‌ನಲ್ಲಿ, ಒಂದು ಬಗೆಯ, ಒಂದು ಅಳತೆಯ ಕೀ ಮಾಡಿದರೆ ಒಟ್ಟು 32,767 ಕೀಗಳಲ್ಲಿ ಯಾವುದಾದರೂ ಒಂದು ಬರುತ್ತದೆ. ಲೆಕ್ಕಕ್ಕೆ ಅದು 2048 ಬಿಟ್‌ನ ಕೀ. ಗುಟ್ಟು ಇರುವುದು 15 ಬಿಟ್‌ನಷ್ಟು.

ಪ್ರಕಟಣೆ ಬಂದ ಮೇಲೆ ಭದ್ರತಾ ಸಂಶೋಧಕ ಎಚ್. ಡಿ. ಮೂರ್ ಆ ಕೀಗಳನ್ನೆಲ್ಲ ಮೊದಲೇ ತಯಾರಿಸಿ ಪ್ರಕಟಿಸಿದರು. ಸಾಮಾನ್ಯ ಅಳತೆಯ ಕೀಗಳ ಪೂರ್ತಿ ಕಂತೆ ಮಾಡಲು ಕೆಲವೇ ಗಂಟೆ ಸಾಕಾಗಿತ್ತು.

ಡಿಜಿಟಲ್ ಸಹಿಗೆ ಬಳಸುವ ಡಿಎಸ್‌ಎ ಕೀಗಳ ಕಥೆ ಇನ್ನೂ ಕಷ್ಟ. ಡಿಎಸ್‌ಎಯಲ್ಲಿ ಪ್ರತಿ ಸಹಿ ಹಾಕುವಾಗಲೂ ಒಂದು ಹೊಸ ರ್‍ಯಾಂಡಮ್ ಸಂಖ್ಯೆ ಬೇಕು. ಆ ಸಂಖ್ಯೆ ಯಾರಿಗಾದರೂ ಗೊತ್ತಾದರೆ, ಸಹಿಯಿಂದ ಗುಟ್ಟಿನ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದು. ಶಾಲೆಯ ಬೀಜಗಣಿತದಷ್ಟೇ ಸುಲಭ. ಹಾಗಾಗಿ ಬೇರೆ ಕಡೆ ಸರಿಯಾಗಿ ತಯಾರಾದ ಒಳ್ಳೆ ಡಿಎಸ್‌ಎ ಕೀ ಕೂಡ, ಈ ಡೆಬಿಯನ್ ಕಂಪ್ಯೂಟರ್‌ನಿಂದ ಒಂದು ಸಲ ಸಹಿ ಹಾಕಲು ಬಳಕೆಯಾಗಿದ್ದರೆ ಸಾಕು, ಅದನ್ನೂ ಎಸೆಯಬೇಕು. ಇಮೇಲ್, ಫೈಲ್‌ಗಳಿಗೆ ಗೂಢಲಿಪಿ ಹಾಕುವ ಜಿಎನ್‌ಯುಪಿಜಿ ಎಂಬ ಪ್ರೋಗ್ರಾಂ ಬಚಾವಾಯಿತು. ಅದು ಓಪನ್‌ಎಸ್‌ಎಸ್‌ಎಲ್ ಬಳಸುತ್ತಿರಲಿಲ್ಲ.

ಟೆಸ್ಟ್ ಏಕೆ ಹಿಡಿಯಲಿಲ್ಲ

ಸುಮಾರು 20 ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ. ಹೊರಬರುವ ಸಂಖ್ಯೆಗಳು ಹ್ಯಾಶ್‌ನಿಂದ ಬರುತ್ತವೆ, ನೋಡಲು ಪಕ್ಕಾ ರ್‍ಯಾಂಡಮ್. ಯಾವ ಸಂಖ್ಯಾಶಾಸ್ತ್ರದ ಪರೀಕ್ಷೆ ಹಾಕಿದರೂ ಪಾಸ್. ಎರಡು ಸಲ ಕೀ ಮಾಡಿದರೆ ಎರಡು ಬೇರೆ ಕೀ ಬರುತ್ತವೆ, ಪ್ರೋಸೆಸ್ ಐಡಿ ಬೇರೆ ಇರುತ್ತದಲ್ಲ. ಲೈಬ್ರರಿಯ ಜೊತೆ ಬರುವ ಟೆಸ್ಟ್‌ಗಳೆಲ್ಲ ಹಸಿರು. ವಾಲ್‌ಗ್ರಿಂಡ್ ಕೂಡ ತೆಪ್ಪಗಾಯಿತು. ಎಲ್ಲ ಸಾಧನಗಳೂ ಖುಷಿಯಾಗಿದ್ದವು.

ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಕೀಗಳನ್ನು ತಂದು ಒಟ್ಟಿಗೆ ಇಟ್ಟಿದ್ದರೆ ಮಾತ್ರ ಗುಟ್ಟು ಬಯಲಾಗುತ್ತಿತ್ತು. 32,767 ಸಾಧ್ಯತೆಗಳಿದ್ದಾಗ, ಸುಮಾರು 210 ಕೀ ಸೇರಿಸಿದರೆ ಎರಡು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಬೇರೆಯವರ ಕೀಗೂ ನಮ್ಮ ಕೀಗೂ ಹೋಲಿಸಿ ನೋಡುವ ಅಭ್ಯಾಸ ಯಾರಿಗಿತ್ತು?

ಸರಿಯಾದ ಟೆಸ್ಟ್ ಹೇಗಿರಬೇಕಿತ್ತು ಅಂತ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೂರ್ ಅವರು ಆ ಕೀಗಳನ್ನು ಹುಟ್ಟಿಸಲು ಒಂದು ಪುಟ್ಟ ಲೈಬ್ರರಿ ಬರೆದರು. ಗೆಟ್‌ಪಿಐಡಿ ಎಂಬ ಕರೆ ಬಂದಾಗ ನಿಜವಾದ ಪ್ರೋಸೆಸ್ ಐಡಿ ಬದಲು ಅವರು ಹೇಳಿದ ಸಂಖ್ಯೆಯನ್ನು ಅದು ಕೊಡುತ್ತದೆ. ಪ್ರೋಗ್ರಾಂ ಶುರುವಾಗುವಾಗ ಅದನ್ನು ಮೊದಲೇ ಲೋಡ್ ಮಾಡಿದರೆ ಮುಗಿಯಿತು, ಬೇಕಾದ ಐಡಿಗೆ ಬೇಕಾದ ಕೀ. ಇದೇ ಉಪಾಯವನ್ನು 2006ರಲ್ಲಿ ಟೆಸ್ಟ್ ಆಗಿ ಬಳಸಿದ್ದರೆ? ಪ್ರೋಸೆಸ್ ಐಡಿಯನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಿ ಎರಡು ಸಲ ಕೀ ಮಾಡಿ ನೋಡುವುದು. ಎರಡೂ ಒಂದೇ ಬಂದರೆ ಅಲ್ಲೇ ಗೊತ್ತಾಗುತ್ತಿತ್ತು. ದಾಳಿ ಮಾಡುವವರ ಸಾಧನ, ಕೋಡ್ ನೋಡಿಕೊಳ್ಳುವವರ ಬಳಿ ಇರಬೇಕಿದ್ದ ಟೆಸ್ಟ್, ಎರಡೂ ಒಂದೇ.

ಹಳೆ ಕೋಡ್‌ಗೆ ಕೈ ಹಾಕುವ ಮುಂಚೆ ಇಂಥ ಟೆಸ್ಟ್ ಬರೆಯುವುದು ನನ್ನ ಮಟ್ಟಿಗೆ ಓದುವುದರದೇ ಒಂದು ಭಾಗ. ಈ ಫಂಕ್ಷನ್ ಇರುವುದು ಏತಕ್ಕೆ ಅಂತ ಒಂದು ವಾಕ್ಯ ಬರೆಯಿರಿ. ಇಲ್ಲಿ ಆ ವಾಕ್ಯ: ಹೊರಗಿನಿಂದ ಬಂದ ಬೈಟ್ ಬದಲಾದರೆ ಹೊರಗೆ ಹೋಗುವ ಸಂಖ್ಯೆಯೂ ಬದಲಾಗಬೇಕು. ಆ ವಾಕ್ಯ ಕೈಯಲ್ಲಿದ್ದರೆ ಟೆಸ್ಟ್ ತಾನಾಗಿಯೇ ಹೊಳೆಯುತ್ತದೆ. ಬೇರೆ ಎಲ್ಲವನ್ನೂ ಕಟ್ಟಿಹಾಕು, ಆ ಒಂದನ್ನು ಬದಲಿಸು, ಫಲ ಬದಲಾಯಿತಾ ನೋಡು. ವಾಕ್ಯ ಬರೆಯಲು ಆಗದಿದ್ದರೆ ಆ ಕೋಡ್ ಇನ್ನೂ ಅರ್ಥ ಆಗಿಲ್ಲ ಅಂತಲೇ.

ಸರಿಪಡಿಸಿದ ಮೇಲೆ

ಡೆಬಿಯನ್‌ನವರು ಆಡ್ ಫಂಕ್ಷನ್‌ನ ಸಾಲನ್ನು ವಾಪಸ್ ಹಾಕಿದರು. ಕೋಡ್ ಅಷ್ಟಕ್ಕೆ ಸರಿಹೋಯಿತು. ಜಗತ್ತಿನಲ್ಲಿ ಹರಡಿದ್ದ ಕೀಗಳು ಸರಿಹೋಗಲಿಲ್ಲ. ಕೆಟ್ಟ ಕೀಗಳ ಪಟ್ಟಿಯನ್ನೇ ಪ್ಯಾಕೇಜ್ ಮಾಡಿ ಎಲ್ಲ ಕಂಪ್ಯೂಟರ್‌ಗಳಿಗೆ ಕಳಿಸಿದರು, ಅಂಥ ಕೀ ಹಿಡಿದು ಯಾರಾದರೂ ಬಂದರೆ ಎಸ್‌ಎಸ್‌ಎಚ್ ಬಾಗಿಲು ತೆಗೆಯದಂತೆ. 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 50,000ಕ್ಕೂ ಹೆಚ್ಚು ವೆಬ್ ಸರ್ವರ್‌ಗಳನ್ನು ದಿನವೂ ಪರೀಕ್ಷಿಸಿದ್ದರು. ಪ್ರಕಟಣೆಯ ನಾಲ್ಕನೇ ದಿನ ಕೆಟ್ಟ ಕೀ ಇಟ್ಟುಕೊಂಡಿದ್ದ ಸರ್ವರ್‌ಗಳಲ್ಲಿ ಶೇಕಡಾ 30ರಷ್ಟು, ಹೆಚ್ಚುಕಡಿಮೆ ಆರು ತಿಂಗಳ ನಂತರವೂ ಹಾಗೆಯೇ ಇದ್ದವು. 2015ರಲ್ಲೂ ಕೋಡ್ ಇಡುವ ತಾಣ ಗಿಟ್‌ಹಬ್‌ನ ಬಳಕೆದಾರರ ಕೀಗಳ ನಡುವೆ ಇಂಥ ಡೆಬಿಯನ್ ಕೀಗಳು ಸಿಕ್ಕವು.

ಓಪನ್‌ಎಸ್‌ಎಸ್‌ಎಲ್‌ನವರು ಮುಂದೆ ಆ ಸಾಲಿನ ಪಕ್ಕ ಹೊಸ ಕಾಮೆಂಟ್ ಹಾಕಿದರು. ಕೆಳಗಿನ ಕರೆಯನ್ನು ತೆಗೆಯಬೇಡಿ ಅಂತ ದೊಡ್ಡಕ್ಷರದಲ್ಲಿ ಶುರು. ಇದರಿಂದ ಪ್ಯೂರಿಫೈ, ವಾಲ್‌ಗ್ರಿಂಡ್ ದೂರಬಹುದು ಅಂತ ನಮಗೆ ಗೊತ್ತು, ತೊಂದರೆ ಇಲ್ಲಿಲ್ಲ, ಕರೆಯುವವರಲ್ಲಿದೆ, ಇದನ್ನು ತೆಗೆದರೆ ಬಹಳ ಕೆಟ್ಟ ರ್‍ಯಾಂಡಮ್ ಸಂಖ್ಯೆ, ಅಸುರಕ್ಷಿತ ಕೀ ಬರುತ್ತವೆ ಅಂತ ಮುಂದಿನ ಮಾತು. ಬೈಟ್ಸ್ ಫಂಕ್ಷನ್‌ನ ಸಾಲಿಗೂ ಬೇರೆಯೇ ಕಾಮೆಂಟ್ ಬಂತು: ಇದು ಎಂಟ್ರೊಪಿಯ ಸಣ್ಣ ಮೂಲ, ತೆಗೆದರೂ ಭದ್ರತೆಗೆ ಹೇಳಿಕೊಳ್ಳುವ ಪರಿಣಾಮ ಇಲ್ಲ. ನಾನು ನೋಡಿದ ಒಳ್ಳೆಯ ಕಾಮೆಂಟ್‌ಗಳಲ್ಲಿ ಇವೆರಡು ಸೇರುತ್ತವೆ. ಅವಳಿ ಸಾಲುಗಳು ಅವಳಿ ಅಲ್ಲ ಅಂತ ಮೊದಲ ಸಲ ಬರಹದಲ್ಲಿ ಸಿಕ್ಕಿತು.

ಕಾಮೆಂಟ್ ಒಂದು ಮಟ್ಟಿಗೆ ಕಾಯುತ್ತದೆ. ಇದಕ್ಕಿಂತ ಗಟ್ಟಿ ದಾರಿ ಬೇರೆಯವರು ಹಿಡಿದರು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲೇ ಹಾರ್ಟ್‌ಬ್ಲೀಡ್ ಎಂಬ ಇನ್ನೊಂದು ದೋಷ ಹೊರಬಂದ ಮೇಲೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಓಪನ್‌ಎಸ್‌ಎಸ್‌ಎಲ್ ಕೋಡನ್ನು ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಶುರು ಮಾಡಿದರು. ಅದರಲ್ಲಿ ಆಡ್ ಫಂಕ್ಷನ್ ತೆರೆದು ನೋಡಿ. ಒಳಗೆ ಏನೂ ಇಲ್ಲ. 247ನೇ ಸಾಲು ಮಾತ್ರವಲ್ಲ, ಇಡೀ ಫಂಕ್ಷನ್ ಖಾಲಿ. ಆದರೂ ಅಲ್ಲಿ ಅನಾಹುತ ಆಗಲಿಲ್ಲ. ಏಕೆಂದರೆ ಅವರು ಮೊದಲು ಬೈಟ್ಸ್ ಫಂಕ್ಷನ್ ಕಡೆ ನೋಡಿದರು. ಆರ್ಕ್‌4ರ್‍ಯಾಂಡಮ್ ಎಂಬ ಕರೆಯ ಮೂಲಕ ಆಪರೇಟಿಂಗ್ ಸಿಸ್ಟಮ್ ಕೊಡುವ ರ್‍ಯಾಂಡಮ್ ಬೈಟ್‌ಗಳನ್ನೇ ನೇರ ತೆಗೆದುಕೊಂಡರು. ಒಳಗಿನ ಪೂಲ್ ಬೇಡವಾಯಿತು. ಪೂಲ್ ಬೇಡ ಅಂದ ಮೇಲೆ ಅದಕ್ಕೆ ಸೇರಿಸುವ ದಾರಿಯೂ ಬೇಡ. ಎರಡು ಯೋಜನೆಗಳಲ್ಲೂ ಹೋದದ್ದು ಅದೇ ಸಾಲು. ಒಂದು ಕಡೆ ಅದು ಏನನ್ನು ತರುತ್ತಿತ್ತು ಅಂತ ಗೊತ್ತಿಲ್ಲದೆ ಹೋಯಿತು, ಇನ್ನೊಂದು ಕಡೆ ಅದು ತರುತ್ತಿದ್ದುದಕ್ಕೆ ಬೇರೆ ವ್ಯವಸ್ಥೆ ಮಾಡಿ ಹೋಯಿತು. ಮರುವಿನ್ಯಾಸ ಅಂದರೆ ಇದು ಅಂತ ತೋರಿಸಲು ಇದಕ್ಕಿಂತ ಒಳ್ಳೆ ಜೋಡಿ ನನಗೆ ಬೇರೆ ಸಿಕ್ಕಿಲ್ಲ.

ಓಪನ್‌ಎಸ್‌ಎಸ್‌ಎಲ್‌ನವರೂ 2018ರ 1.1.1 ಆವೃತ್ತಿಯಲ್ಲಿ ರ್‍ಯಾಂಡಮ್ ಸಂಖ್ಯೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆದರು. ಆ ಹಳೆ ಫೈಲ್ ಹೋಯಿತು, ಎರಡು ಸಾಲುಗಳೂ ಅದರ ಜೊತೆ ಹೋದವು. ಆಡ್ ಎಂಬ ಹೊರಗಿನ ಹೆಸರನ್ನು ಮಾತ್ರ ಎರಡೂ ಲೈಬ್ರರಿಗಳು ಉಳಿಸಿಕೊಂಡವು. ಅದನ್ನು ಕರೆಯುವ ಹಳೆ ಪ್ರೋಗ್ರಾಂಗಳು ಇನ್ನೂ ಎಷ್ಟೋ ಇವೆ, ಅವು ಮುರಿಯಬಾರದಲ್ಲ.